ಬೆಡ್‌ಶೀಟ್ ಹಳದಿ ಆಗಿದ್ದು ಅಮ್ಮನ ಕೈಯಿಂದಲ್ಲ

ಅಮ್ಮನ ಮದುವೆ ಹೊತ್ತಲ್ಲಿ ತಾತ ಒಂದೇ ಥಾನಿನ ಬಿಳಿ ಹತ್ತಿ ಬಟ್ಟೆಯಲ್ಲಿ ನಾಲ್ಕು ಬೆಡ್‌ಶೀಟ್ ಹೊಲಿಸಿದ್ರಂತೆ. ಎರಡು ರಾಜಾಜಿನಗರದ ತವರಲ್ಲೇ ಉಳಿದವು, ಎರಡು ಅಮ್ಮನ ಜೊತೆ ಹೆಗ್ಗನಹಳ್ಳಿಗೆ ಬಂದವು. ಎರಡು ವರ್ಷ ಕಳೆಯೋದ್ರೊಳಗೆ ಇಲ್ಲಿನವು ಹಳದಿಗೆ ತಿರುಗಿದ್ವು, ಅಲ್ಲಿನವು ಮಲ್ಲಿಗೆ ಹೂವಿನ ಥರಾನೇ ಇದ್ವು. ನಮ್ಮಜ್ಜಿ, ಅಂದ್ರೆ ಅಮ್ಮನ ಅತ್ತೆ, ಒಂದೇ ಮಾತಲ್ಲಿ ತೀರ್ಪು ಕೊಟ್ಟುಬಿಟ್ರು: "ಒಗೆಯೋ ಕೈ ನೆಟ್ಟಗಿಲ್ಲ ಕಣಮ್ಮ." ಆ ಮಾತನ್ನ ಅಮ್ಮ ಇವತ್ತಿಗೂ ಮರೆತಿಲ್ಲ.

ಅಜ್ಜಿ ಹಂಗೆ ಅನ್ನೋದಕ್ಕೂ ಕಾರಣ ಇತ್ತು. ಅವರು ಮಾಗಡಿ ಕಡೆ ಹಳ್ಳೀಲಿ ಬೆಳೆದವರು. ಅಲ್ಲಿ ದೊಡ್ಡ ಬಟ್ಟೆಗಳನ್ನ ಮನೇಲಿ ಒಗೀತಾನೇ ಇರ್ಲಿಲ್ಲ. ಅಗಸರು ಬಂದು ಗಂಟು ಕಟ್ಟಿಕೊಂಡು ಕೆರೆಗೆ ಹೋಗ್ತಿದ್ರು. ಯಾವ ಮನೆ ಬಟ್ಟೆ ಯಾವುದು ಅಂತ ಗೊತ್ತಾಗೋಕೆ ಕರಿಗೇರಿನ ರಸದಲ್ಲಿ ಮೂಲೇಲಿ ಗುರುತು. ಅದು ಎಷ್ಟು ಒಗೆದ್ರೂ ಹೋಗಲ್ಲ. ಬಟ್ಟೆಯನ್ನ ಚೌಳು ಮಣ್ಣಿನ ನೀರಲ್ಲಿ ಅದ್ದಿ, ದೊಡ್ಡ ಮಡಕೆ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಹಬೇಲಿ ಬೇಯಿಸೋರು. ಇದಕ್ಕೆ ಉಬ್ಬೆ ಹಾಕೋದು ಅಂತಾರೆ. ಆಮೇಲೆ ಕಲ್ಲಿಗೆ ಬಡಿದು, ಜಾಲಿಸಿ, ಬಿಸಿಲಲ್ಲಿ ಹಾಸೋದು. ಇಷ್ಟೂ ದುಡಿಮೆಗೆ ಸುಗ್ಗೀಲಿ ಒಂದಿಷ್ಟು ಕಾಳು ಅಳೆದು ಕೊಟ್ರೆ ಮುಗೀತು. ಹನ್ನೆರಡನೇ ಶತಮಾನದಲ್ಲಿ ಶರಣರ ಬಟ್ಟೆ ಒಗೆಯೋ ಕಾಯಕವನ್ನೇ ದೊಡ್ಡದು ಮಾಡಿ ತೋರಿಸಿದ ಮಡಿವಾಳ ಮಾಚಿದೇವರ ನಾಡು ನಮ್ಮದು. ಆದ್ರೂ ಬೆಳ್ಳಗಿನ ಹಾಸಿಗೆ ಮೇಲೆ ಮಲಗಿದವರು ಒಗೆದವರನ್ನ ನೆನೆದಿದ್ದು ಕಮ್ಮಿ.

ಅಜ್ಜಿ ಕಂಡ ಬಿಳಿ ಅದು. ಅದರ ಗುಟ್ಟು ಕೈಯಲ್ಲಿ ಮಾತ್ರ ಇರ್ಲಿಲ್ಲ. ಚೌಳು ಮಣ್ಣಲ್ಲಿ ಮುಖ್ಯವಾಗಿ ಇರೋದು ಸೋಡಿಯಂ ಕಾರ್ಬೊನೇಟ್, ಅಂದ್ರೆ ಅಂಗಡೀಲಿ ಸಿಗೋ ವಾಷಿಂಗ್ ಸೋಡಾನೇ. ಕೆರೇಲಿ ನಿಲ್ಲೋದು ಮಳೆ ನೀರು, ಮೆದು ನೀರು.

ಅಮ್ಮನ ತವರಿನ ಕಥೆ ಬೇರೆ. ಬೆಂಗಳೂರಿಗೆ 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿ ನೀರು ಬಂತು. 1974ರಲ್ಲಿ ಕಾವೇರಿ ಮೊದಲನೇ ಹಂತ ಶುರುವಾಯ್ತು. ತವರಿನ ನಲ್ಲೀಲಿ ಬರ್ತಿದ್ದಿದ್ದು ಹೊಳೆ ನೀರು. ಹೆಗ್ಗನಹಳ್ಳಿ ಆವಾಗ ಇನ್ನೂ ನಗರದ ಹೊರಗೆ. ಬಿಬಿಎಂಪಿ ಆಗಿದ್ದೇ 2007ರಲ್ಲಿ. ಪೀಣ್ಯದ ಕಾರ್ಖಾನೆ ಕೆಲಸಕ್ಕೆ ಅಂತ ಬಂದವರೆಲ್ಲ 20x30 ಸೈಟಲ್ಲಿ ಮನೆ ಕಟ್ಟಿಕೊಂಡ್ರು, ನೀರಿಗೆ ಬೋರ್‌ವೆಲ್ಲೇ ಗತಿ. ನಮ್ಮ ಬೀದಿ ಬೋರ್ ನೀರು ಕಾಯಿಸಿದ್ರೆ ಹಂಡೆ ತಳದಲ್ಲಿ ಬಿಳಿ ಪೊರೆ ಕಟ್ಟೋದು, ಬಕೆಟ್ ಅಂಚಲ್ಲಿ ತುಕ್ಕಿನ ಬಣ್ಣ ಕೂರೋದು.

ಇಂಥ ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದ್ರೆ ನೊರೆ ಬರಲ್ಲ, ಜಿಡ್ಡು ಬರುತ್ತೆ. ಅದು ನೂಲಿನ ಸಂದೀಲಿ ಕೂತು ಬಟ್ಟೆ ಮಂಕಾಗುತ್ತೆ. ಅಮ್ಮ ಒಗೀತಿದ್ದಿದ್ದು ಬಾರ್ ಸೋಪಲ್ಲಿ. ಸರ್ಫ್ ನಮ್ಮ ದೇಶಕ್ಕೆ 1959ರಲ್ಲೇ ಬಂದಿತ್ತು, 1969ರಲ್ಲಿ ನಿರ್ಮಾ ಬಂತು; ಡಿಟರ್ಜೆಂಟಿಗೆ ಈ ಜಿಡ್ಡಿನ ಕಾಟ ಕಮ್ಮಿ. ಆದ್ರೆ ಅಜ್ಜಿಗೆ ಪುಡಿ ಮೇಲೆ ನಂಬಿಕೆ ಇರ್ಲಿಲ್ಲ.

ಬೈಗುಳ ತಪ್ಪಿಸಿಕೊಳ್ಳೋಕೆ ಅಮ್ಮ ಮೊದ್ಲು ಹಿಡಿದಿದ್ದು ನೀಲಿ. ಈ ಉಪಾಯ ಹಳೇದು. 1820ರ ದಶಕದಲ್ಲಿ ಫ್ರಾನ್ಸಲ್ಲಿ ಅಗ್ಗದ ಕೃತಕ ನೀಲಿ ಪುಡಿ ಮಾಡೋದು ಕಂಡುಹಿಡಿದ್ಮೇಲೆ ಅದು ಮನೆಮನೆ ಸೇರ್ತು. ನಮ್ಮಲ್ಲಿ ರಾಬಿನ್ ಬ್ಲೂ, ಆಮೇಲೆ 1983ರಲ್ಲಿ ಕೇರಳದಲ್ಲಿ ಶುರುವಾದ ಕಂಪನಿಯ ಉಜಾಲಾ. ನೀಲಿ ಕೊಳೆ ತೆಗೆಯಲ್ಲ, ಹಳದಿಯನ್ನ ಕಣ್ಣಿಂದ ಮರೆಸುತ್ತೆ ಅಷ್ಟೆ. ಜಿಡ್ಡಿದ್ದ ಬಟ್ಟೆ ಮೇಲೆ ಅದು ತೇಪೆ ತೇಪೆಯಾಗಿ ಕೂತು ಬೆಡ್‌ಶೀಟು ಇನ್ನೂ ಕೆಟ್ಟೋಯ್ತು. ಆಮೇಲೆ ಯಾರೋ ಹೇಳಿದ್ರು ಅಂತ ಬ್ಲೀಚಿಂಗ್ ಪೌಡರ್. ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ 1799ರಲ್ಲಿ ಪೇಟೆಂಟ್ ತಗೊಂಡ ಪುಡಿ ಅದು. ತಿಂಗಳುಗಟ್ಟಲೆ ಹುಲ್ಲುಗಾವಲಲ್ಲಿ ಬಟ್ಟೆ ಹಾಸಿ ಬಿಳಿ ಮಾಡೋ ಕೆಲಸ ಅದರಿಂದ ಬೇಗ ಮುಗೀತಿತ್ತು. ಆದ್ರೆ ನಮ್ಮ ನೀರಲ್ಲಿ ಕಬ್ಬಿಣ ಇತ್ತಲ್ಲ! ಬ್ಲೀಚ್ ಬಿದ್ದ ತಕ್ಷಣ ಕರಗಿದ್ದ ಕಬ್ಬಿಣ ತುಕ್ಕಾಗಿ ಬಟ್ಟೆಗೇ ಕಚ್ಚಿಕೊಳ್ತು. ಅಮ್ಮ ಎಷ್ಟು ಕಷ್ಟಪಟ್ರೋ ಅಷ್ಟೂ ಹಳದಿ ಜಾಸ್ತಿ ಆಯ್ತು.

ದಾರಿ ಸಿಕ್ಕಿದ್ದು ಒಂದು ಮಳೆಗಾಲದಲ್ಲಿ. ನೀರಿಗೆ ತತ್ವಾರ ಅಂತ ತಾರಸಿ ನೀರನ್ನ ಡ್ರಮ್ಮಿಗೆ ಹಿಡಿದಿದ್ವು. ಅದ್ರಲ್ಲಿ ಸ್ವಲ್ಪೇ ಸೋಪಿಗೆ ಬಕೆಟ್ ತುಂಬ ನೊರೆ! ಅಮ್ಮ ಮೊದ್ಲು ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಬೆಡ್‌ಶೀಟ್ ನೆನೆಸಿ ತುಕ್ಕಿನ ಕಲೆ ಬಿಡಿಸಿದ್ರು, ಚೆನ್ನಾಗಿ ಜಾಲಿಸಿದ್ರು, ಆಮೇಲೆ ಬಿಸಿ ಮಳೆ ನೀರಲ್ಲಿ ಚೂರು ವಾಷಿಂಗ್ ಸೋಡಾ ಹಾಕಿ ಒಗೆದ್ರು. ನೀವು ಮಾಡೋದಾದ್ರೆ ಒಂದು ಎಚ್ಚರ: ನಿಂಬೆ ಉಪ್ಪು, ಬ್ಲೀಚು ಎರಡನ್ನೂ ಯಾವತ್ತೂ ಒಟ್ಟಿಗೆ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ.

ಮೆದು ನೀರು, ಸೋಡಾ, ಬಿಸಿಲು. ಅಜ್ಜಿ ಊರಿನ ಅಗಸರು ಮಾಡ್ತಿದ್ದಿದ್ದೂ ಇದನ್ನೇ ಅಲ್ವಾ?

ಬೆಡ್‌ಶೀಟು ಪೂರ್ತಿ ಮೊದಲಿನ ಹಂಗೆ ಆಗ್ಲಿಲ್ಲ, ಆದ್ರೆ ನೆಂಟರಿಗೆ ಹಾಸೋ ಹಂಗಾಯ್ತು. ಅಜ್ಜಿ ತಂತಿ ಮೇಲಿದ್ದ ಬಟ್ಟೆಯನ್ನ ಮುಟ್ಟಿ ನೋಡಿದ್ರು, ಏನೂ ಅನ್ಲಿಲ್ಲ. ಕೈ ವಿಚಾರ ಮಾತ್ರ ಮತ್ತೆ ಎತ್ತಲಿಲ್ಲ. ಮುಂದಿನ ಸಲ ಮೋಡ ಕಟ್ಟಿದಾಗ ಡ್ರಮ್ಮಿನ ಮುಚ್ಚಳ ತೆಗೆದಿಟ್ಟಿದ್ದು ಅವರೇ.