ಒಡೆದ ನಲ್ಲಿಯ ಹಿಡಿ, ಬಾರದ ವಕೀಲ

ಇವತ್ತಿನ ಕಥೆ ಶುರುವಾಗೋದು ಒಂದು ಬಾತ್‌ರೂಮಿನಲ್ಲಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ, 1963ರ ನವೆಂಬರ್ 30. ಒಬ್ಬ ವ್ಯಕ್ತಿ ಪರಿಚಯದ ಮಹಿಳೆಯೊಬ್ಬರ ಬಾಡಿಗೆ ಮನೆಗೆ ಬಂದಿದ್ದಾನೆ. ಬಾತ್‌ರೂಮ್ ಬಳಸ್ತೀನಿ ಅಂತ ಹೇಳಿ ಒಳಗೆ ಹೋಗ್ತಾನೆ. ನಲ್ಲಿ ನಿಲ್ಲಿಸೋಕೆ ಹಿಡಿ ತಿರುಗಿಸಿದಾಗ ಆ ಪಿಂಗಾಣಿ ಹಿಡಿ ಕೈಯಲ್ಲೇ ಒಡೆದುಹೋಗುತ್ತೆ. ಬಲಗೈಯ ನರ ಮತ್ತು ಸ್ನಾಯುವಿನ ನಾರುಗಳು ಕತ್ತರಿಸಿಹೋಗುತ್ತವೆ.

ಆ ಹಿಡಿ ಬಿರುಕು ಬಿಟ್ಟಿದ್ದು ಮನೆಯಾಕೆಗೆ ಮೊದಲೇ ಗೊತ್ತಿತ್ತು. ಬದಲಾಯಿಸಿಕೊಡಿ ಅಂತ ಕಟ್ಟಡದವರಿಗೆ ಹೇಳಿಯೂ ಇದ್ದರು. ಅವರು ಮಾಡಿರಲಿಲ್ಲ. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಈ ಭಾಗ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಂದ ಅತಿಥಿಗೆ "ಆ ನಲ್ಲಿ ಸ್ವಲ್ಪ ನೋಡ್ಕೊಂಡು ತಿರುಗಿಸಿ" ಅಂತ ಒಂದು ಮಾತು ಆಕೆ ಹೇಳಲಿಲ್ಲ.

ಆತ ಕೇಸು ಹಾಕಿದ. ಕೆಳಗಿನ ಕೋರ್ಟು ವಿಚಾರಣೆಯನ್ನೇ ನಡೆಸದೆ, ಬರೀ ಕಾಗದಪತ್ರ ನೋಡಿ, ಕೇಸು ನಿಲ್ಲೋದಿಲ್ಲ ಅಂದುಬಿಟ್ಟಿತು. ಗಾಯ ಸುಳ್ಳು ಅಂತ ಅಲ್ಲ, ಆಕೆಗೆ ಗೊತ್ತಿರಲಿಲ್ಲ ಅಂತಲೂ ಅಲ್ಲ. ಆತ ಬರೀ ಅತಿಥಿ ಅನ್ನೋದೇ ಕಾರಣ.

ಇದು ಅರ್ಥವಾಗಬೇಕಾದರೆ ನೂರು ವರ್ಷ ಹಿಂದೆ, ಲಂಡನ್ನಿಗೆ ಹೋಗಬೇಕು. 1866. ಒಂದು ಸಕ್ಕರೆ ಶುದ್ಧೀಕರಣ ಕಾರ್ಖಾನೆ. ಅಲ್ಲಿ ಗ್ಯಾಸ್ ಉಪಕರಣ ಪರೀಕ್ಷೆ ಮಾಡೋಕೆ ಬಂದ ಕೆಲಸಗಾರನೊಬ್ಬ, ಬೇಲಿಯಿಲ್ಲದ ತೆರೆದ ಕಂಡಿಯಿಂದ ಕೆಳಗೆ ಬೀಳ್ತಾನೆ. ಇಂಡರ್‌ಮೌರ್ ವರ್ಸಸ್ ಡೇಮ್ಸ್ ಅನ್ನೋ ಈ ಕೇಸಿನಲ್ಲಿ ನ್ಯಾಯಮೂರ್ತಿ ವಿಲ್ಸ್, ವ್ಯವಹಾರದ ಕೆಲಸಕ್ಕೆ ಬಂದವನ ಬಗ್ಗೆ ಜಾಗದ ಒಡೆಯ ಎಚ್ಚರ ವಹಿಸಬೇಕು, ಗೊತ್ತಿರುವ ಅಥವಾ ಗೊತ್ತಿರಬೇಕಾದ ಅಪಾಯದಿಂದ ಅವನನ್ನು ಕಾಪಾಡಬೇಕು ಅಂದರು. ಕೆಲಸಗಾರ ಗೆದ್ದ. ಒಳ್ಳೇ ತೀರ್ಪೇ. ಆದರೆ ಅದರ ಜೊತೆಗೆ ಮೂರು ಮೆಟ್ಟಿಲಿನ ಏಣಿಯೊಂದು ಗಟ್ಟಿಯಾಗಿ ನಿಂತುಬಿಟ್ಟಿತು. ಮೇಲಿನ ಮೆಟ್ಟಿಲಲ್ಲಿ ವ್ಯವಹಾರಕ್ಕೆ ಬಂದವನು. ನಡುವೆ, ಅನುಮತಿ ಪಡೆದು ಸುಮ್ಮನೆ ಬಂದವನು. ಕೆಳಗೆ ಅತಿಕ್ರಮಿ, ಅಂದರೆ ಹೇಳದೆ ಕೇಳದೆ ಒಳಗೆ ಬಂದವನು. ಮೆಟ್ಟಿಲು ಇಳಿದಷ್ಟೂ ಒಡೆಯನ ಜವಾಬ್ದಾರಿ ಕಮ್ಮಿ.

ತಮಾಷೆ ಏನಂದ್ರೆ, ಊಟಕ್ಕೆ ಕರೆದ ನೆಂಟ ಕೂಡ ನಡುವಿನ ಮೆಟ್ಟಿಲಿನವನೇ! ನಮ್ಮ ಕಡೆ ಅತಿಥಿ ಅಂದರೆ ದೇವರು. ಆ ಕಾನೂನಿನಲ್ಲಿ ಅತಿಥಿಗಿಂತ ಗಿರಾಕಿ ದೊಡ್ಡವನು.

ಕೆಳಗಿನ ಮೆಟ್ಟಿಲು ಎಷ್ಟು ಕ್ರೂರವಾಗಬಹುದು ಅನ್ನೋದು 1929ರಲ್ಲಿ ಗೊತ್ತಾಯಿತು. ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿಯೊಂದರ ಜಾಗದಲ್ಲಿ ನಾಲ್ಕು ವರ್ಷದ ಹುಡುಗ ಯಂತ್ರದ ಚಕ್ರಕ್ಕೆ ಸಿಕ್ಕಿ ಸತ್ತ. ಹುಡುಗ ಅತಿಕ್ರಮಿ, ಹಾಗಾಗಿ ಕಂಪನಿಗೆ ಹೊಣೆಯಿಲ್ಲ ಅಂತ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ನಾಲ್ಕು ವರ್ಷದ ಮಗುವಿಗೆ ಯಾರದ್ದು ಯಾವ ಜಾಗ ಅಂತ ಗೊತ್ತಿರುತ್ತಾ? ಈ ನಿಲುವಿನಿಂದ ಅದೇ ಹೌಸ್ ಆಫ್ ಲಾರ್ಡ್ಸ್ ಹಿಂದೆ ಸರಿದಿದ್ದು 1972ರಲ್ಲಿ, ರೈಲು ಹಳಿಯ ವಿದ್ಯುತ್ತಿನಿಂದ ಸುಟ್ಟುಹೋದ ಆರು ವರ್ಷದ ಇನ್ನೊಬ್ಬ ಹುಡುಗನ ಕೇಸಿನಲ್ಲಿ. ಮೇಲಿನ ಎರಡು ಮೆಟ್ಟಿಲುಗಳನ್ನು ಮಾತ್ರ ಇಂಗ್ಲೆಂಡಿನ ಸಂಸತ್ತು 1957ರಲ್ಲೇ ಕಾಯ್ದೆ ಮಾಡಿ ಒಂದಾಗಿಸಿತ್ತು.

ಈಗ ವಾಪಸ್ ಸ್ಯಾನ್ ಫ್ರಾನ್ಸಿಸ್ಕೊಗೆ. ರೋಲಂಡ್ ವರ್ಸಸ್ ಕ್ರಿಶ್ಚಿಯನ್ ಅಂತ ಹೆಸರಾದ ಆ ನಲ್ಲಿ ಕೇಸು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿಗೆ ಹೋಯಿತು. ನನಗೆ ಇದರಲ್ಲಿ ಹೆಚ್ಚು ಕುತೂಹಲ ಹುಟ್ಟಿಸೋದು ದಾವಾಪತ್ರದ ವಿಷಯ. ಗಾಯಾಳುವಿನ ದಾವಾಪತ್ರದಲ್ಲಿ ಒಂದು ದೊಡ್ಡ ಖಾಲಿ ಜಾಗವಿತ್ತು. ಹಿಡಿ ಒಡೆದಿರೋದು ತನಗೆ ಗೊತ್ತಿರಲಿಲ್ಲ ಅಂತ ಅವನು ಅದರಲ್ಲಿ ಬರೆದಿರಲಿಲ್ಲ. ನೋಡಿದರೆ ಕಾಣುವ ಬಿರುಕೋ, ಕಾಣದ ಬಿರುಕೋ ಅಂತಲೂ ಇರಲಿಲ್ಲ. ಆಕೆ ಎಚ್ಚರಿಸಲಿಲ್ಲ ಅನ್ನೋ ಮಾತೂ ಇರಲಿಲ್ಲ. ಜಾಗದ ಅಪಾಯದ ಕೇಸುಗಳ ಜೀವವೇ ಈ ಮೂರು ವಾಕ್ಯಗಳಲ್ಲಿ ಇರುತ್ತೆ. ಆ ಮಾತುಗಳು ಬಂದಿದ್ದು ಆಮೇಲೆ ಹಾಕಿದ ಅಫಿಡವಿಟ್‌ನಲ್ಲಿ: ಆಕೆಗೆ ಎರಡು ವಾರದಿಂದ ಗೊತ್ತಿತ್ತು, ಬಾತ್‌ರೂಮಿಗೆ ಹೋಗ್ತೀನಿ ಅಂತ ನಾನು ಹೇಳಿದೆ, ಆಕೆ ಏನೂ ಹೇಳಲಿಲ್ಲ.

ಕೋರ್ಟು ಆ ಕೊರತೆಯನ್ನು ಗುರುತಿಸಿತು. ಆದರೆ ಅದನ್ನೇ ಹಿಡಿದು ಆತನನ್ನು ಹೊರಗೆ ಕಳಿಸಲಿಲ್ಲ. ಹಿಡಿ ಒಡೆದಿತ್ತು ಅಂತ ಆಕೆಯೇ ಒಪ್ಪಿದ್ದಾರೆ. ಬಿರುಕು ಎದ್ದು ಕಾಣುತ್ತಿತ್ತು ಅಂತ ಆಕೆಯ ಕಾಗದವೂ ಹೇಳೋದಿಲ್ಲ. ಹಾಗಿರುವಾಗ ವಿಚಾರಣೆಯಿಲ್ಲದೆ ಮುಗಿಸೋದು ಹೇಗೆ?

1968ರ ಆಗಸ್ಟ್ 8ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ರೇಮಂಡ್ ಪೀಟರ್ಸ್. ಅವರು ಕೈಗೆತ್ತಿಕೊಂಡಿದ್ದು 1872ರ ಕ್ಯಾಲಿಫೋರ್ನಿಯಾ ಸಿವಿಲ್ ಸಂಹಿತೆಯ 1714ನೇ ಕಲಮು. ತನ್ನ ಆಸ್ತಿಯನ್ನು ನೋಡಿಕೊಳ್ಳುವಲ್ಲಿ ಸಾಮಾನ್ಯ ಎಚ್ಚರ ತಪ್ಪಿ ಬೇರೆಯವರಿಗೆ ಪೆಟ್ಟಾದರೆ ಪ್ರತಿಯೊಬ್ಬರೂ ಹೊಣೆ ಅಂತ ಅದು ಹೇಳುತ್ತೆ. ಅಲ್ಲಿ ಗಿರಾಕಿ, ನೆಂಟ, ಅತಿಕ್ರಮಿ ಅನ್ನೋ ವಿಂಗಡಣೆ ಇಲ್ಲ. ಕಾನೂನು ಪುಸ್ತಕದಲ್ಲೇ ಉತ್ತರ ಕೂತಿತ್ತು, 96 ವರ್ಷ! ಯಾವ ಕಾರಣಕ್ಕೆ ಬಂದ ಅನ್ನೋದರ ಮೇಲೆ ಮನುಷ್ಯನ ಪ್ರಾಣದ, ಕೈಕಾಲಿನ ಬೆಲೆ ಕಮ್ಮಿಯಾಗೋದಿಲ್ಲ ಅನ್ನೋ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಏಳು ನ್ಯಾಯಮೂರ್ತಿಗಳಲ್ಲಿ ಇಬ್ಬರು ಒಪ್ಪಲಿಲ್ಲ. ಹಳೇ ಏಣಿ ಇದ್ದರೆ ಯಾರಿಗೆ ಏನು ಹೊಣೆ ಅಂತ ಮೊದಲೇ ಗೊತ್ತಿರುತ್ತೆ, ಹೊಸ ದಾರಿಯಲ್ಲಿ ಅಂಕೆಯೇ ಇರೋದಿಲ್ಲ ಅನ್ನೋದು ಅವರ ಭಯ.

ಭಯ ಪೂರ್ತಿ ಸುಳ್ಳೇನಾಗಲಿಲ್ಲ. ಆಮೇಲೆ ಕೆಲವು ರಾಜ್ಯಗಳು ಕ್ಯಾಲಿಫೋರ್ನಿಯಾದ ದಾರಿ ಹಿಡಿದವು, ಕೆಲವು ಹಳೇ ಏಣಿಯನ್ನೇ ಇಟ್ಟುಕೊಂಡವು. 1982ರಲ್ಲಿ ಕ್ಯಾಲಿಫೋರ್ನಿಯಾದ ಶಾಲೆಯೊಂದರ ಚಾವಣಿ ಮೇಲೆ ದೀಪ ಕದಿಯೋಕೆ ಹತ್ತಿದ ಯುವಕನೊಬ್ಬ ಬೆಳಕಿಂಡಿಯಿಂದ ಕೆಳಗೆ ಬಿದ್ದು, ಶಾಲೆಯ ಮೇಲೇ ಕೇಸು ಹಾಕಿದ. ಜನ ಕೆರಳಿದರು. 1985ರಲ್ಲಿ ಅಲ್ಲಿನ ಶಾಸನಸಭೆ, ಗಂಭೀರ ಅಪರಾಧ ಮಾಡುವಾಗ ಗಾಯಗೊಂಡವರ ಬಗ್ಗೆ ಒಡೆಯನ ಹೊಣೆ ಕಡಿಮೆ ಮಾಡೋ 847ನೇ ಕಲಮು ಸೇರಿಸಿತು. ಏಣಿಯ ಕೆಳಗಿನ ಮೆಟ್ಟಿಲು ಸ್ವಲ್ಪ ವಾಪಸ್ ಬಂತು ಅನ್ನಿ.

ಇನ್ನೊಂದು ಮಾತು. 1968ರ ತೀರ್ಪು ಗಾಯಾಳುವಿಗೆ ದುಡ್ಡು ಕೊಡಿಸಲಿಲ್ಲ. ನಿನ್ನ ಮಾತು ಕೇಳ್ತೀವಿ, ವಿಚಾರಣೆ ನಡೀಲಿ ಅಂದಿತು, ಅಷ್ಟೇ. ಆ ಅಷ್ಟೂ ಸಿಗದವರು ಇದ್ದಾರೆ. ಕಥೆಯ ಎರಡನೇ ಅರ್ಧ ಅವರದ್ದು.

1954ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಒಬ್ಬ ವ್ಯಕ್ತಿ ವಬಾಶ್ ರೈಲ್ವೆ ಕಂಪನಿ ಮೇಲೆ ಪರಿಹಾರದ ದಾವೆ ಹೂಡಿದ. ಲೆವೆಲ್ ಕ್ರಾಸಿಂಗಿನಲ್ಲಿ ಅವನ ಕಾರಿಗೂ ರೈಲಿಗೂ ಅಪಘಾತವಾಗಿತ್ತು. ಮೊದಲ ಸುತ್ತಿನಲ್ಲೇ ದಾವಾಪತ್ರ ನೋಡಿ, ತಪ್ಪು ನಿನ್ನದೂ ಇದೆ ಅಂತ ಕೋರ್ಟು ಕೇಸು ವಜಾ ಮಾಡಿತು. ಮೇಲ್ಮನವಿಯಲ್ಲಿ ಅದು ಬದುಕಿಕೊಂಡಿತು. ಹೀಗೆ ಎಳೆದು ಎಳೆದು ಆರು ವರ್ಷ. 1960ರ ಅಕ್ಟೋಬರ್ 12, ಮಧ್ಯಾಹ್ನ ಒಂದು ಗಂಟೆಗೆ ಹ್ಯಾಮಂಡ್ ಊರಿನ ಕೋರ್ಟಿನಲ್ಲಿ ವಿಚಾರಣಾಪೂರ್ವ ಸಭೆ. ಅವತ್ತು ಬೆಳಿಗ್ಗೆ ಅವನ ವಕೀಲ ಫೋನ್ ಮಾಡಿ, ನಾನು ಇಂಡಿಯಾನಾಪೊಲಿಸ್‌ನಲ್ಲಿ ಬೇರೆ ಕೇಸಿನ ಕಾಗದ ತಯಾರಿಸ್ತಿದ್ದೀನಿ, ಮಧ್ಯಾಹ್ನ ಬರೋಕಾಗಲ್ಲ ಅಂದ. ಹೇಳಿದ ಸಮಯ ಮೀರಿ ಎರಡು ಗಂಟೆ ಆಗೋ ಹೊತ್ತಿಗೆ ನ್ಯಾಯಾಧೀಶರು ತಾವಾಗಿಯೇ ಕೇಸು ವಜಾ ಮಾಡಿದರು.

ಗಾಯಾಳುವಿನ ತಪ್ಪೇನು? ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಇದ್ದ ಪ್ರಶ್ನೆ ಅದೇ. 1962ರಲ್ಲಿ, ನಾಲ್ಕಕ್ಕೆ ಮೂರು ಮತದಲ್ಲಿ, ಕೋರ್ಟು ವಜಾ ಆದೇಶವನ್ನು ಎತ್ತಿಹಿಡಿಯಿತು. ಈ ವಕೀಲನನ್ನು ನೀನೇ ಆರಿಸಿಕೊಂಡಿದ್ದು, ಅವನು ಮಾಡಿದ್ದರ, ಬಿಟ್ಟಿದ್ದರ ಫಲ ನಿನ್ನದೇ ಅಂತ ನ್ಯಾಯಮೂರ್ತಿ ಹಾರ್ಲನ್ ಬರೆದರು. ವಕೀಲ ಸರಿಯಿಲ್ಲದಿದ್ದರೆ ಅವನ ಮೇಲೆ ಬೇರೆ ಕೇಸು ಹಾಕು ಅಂತ ಒಂದು ಅಡಿಟಿಪ್ಪಣಿ ಬೇರೆ! ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಭಿನ್ನ ತೀರ್ಪು ಬರೆದು, ಏನೂ ತಪ್ಪು ಮಾಡದವನಿಗೆ ವಕೀಲನ ತಪ್ಪಿಗೆ ಶಿಕ್ಷೆ ಕೊಡೋದು ನ್ಯಾಯವಲ್ಲ ಅಂದರು. ನನ್ನ ಮತ ಕೇಳಿದರೆ ಬ್ಲ್ಯಾಕ್ ಕಡೆಗೆ. ರೈಲಿನ ವಿರುದ್ಧದ ಒಂದು ಕೇಸು ಮುಗಿಸೋಕೆ ಆರು ವರ್ಷ ಸಾಲದವನನ್ನು, ಹೋಗಿ ವಕೀಲನ ವಿರುದ್ಧ ಇನ್ನೊಂದು ಹಾಕು ಅನ್ನೋದು ನ್ಯಾಯವಾ?

ಇಲ್ಲಿ ವಕೀಲ ಬರಲಿಲ್ಲ. ಇನ್ನೂ ಕಷ್ಟದ್ದು, ವಕೀಲ ಕೇಸನ್ನೇ ಬಿಟ್ಟುಹೋಗೋದು. ಅಮೆರಿಕದ ವಕೀಲರ ಸಂಘ 1983ರಲ್ಲಿ ಮಾಡಿದ ಮಾದರಿ ನಿಯಮಗಳಲ್ಲಿ ಇದಕ್ಕೇ ಒಂದು ನಿಯಮ ಇದೆ, 1.16. ಫೀಸು ಬಾರದಿದ್ದರೆ ಎಚ್ಚರಿಕೆ ಕೊಟ್ಟು ವಕೀಲ ಹಿಂದೆ ಸರಿಯಬಹುದು. ಆದರೆ ಕೋರ್ಟು ಮುಂದುವರಿ ಅಂದರೆ ಮುಂದುವರಿಯಲೇಬೇಕು. ಹೋಗುವಾಗ ಕಕ್ಷಿದಾರನಿಗೆ ತಿಳಿಸಬೇಕು, ಬೇರೆ ವಕೀಲನನ್ನು ಹುಡುಕೋಕೆ ಸಮಯ ಕೊಡಬೇಕು.

ನಮ್ಮಲ್ಲಿ? ಬೀಳೋ ಕಟ್ಟಡಗಳ ವಿಷಯದಲ್ಲಿ ನಮ್ಮ ದೊಡ್ಡ ತೀರ್ಪು ದಿಲ್ಲಿಯ ಗಡಿಯಾರ ಗೋಪುರದ್ದು. 1951ರಲ್ಲಿ ಚಾಂದನಿ ಚೌಕದಲ್ಲಿ ಟೌನ್ ಹಾಲ್ ಎದುರಿನ ಗೋಪುರ ಕುಸಿದು ಜನ ಸತ್ತರು. ಗೋಪುರಕ್ಕೆ ಸುಮಾರು 80 ವರ್ಷ. ಅದರ ಮೇಲಂತಸ್ತಿಗೆ ಬಳಸಿದ್ದ ಗಾರೆಯ ಆಯುಷ್ಯ 40ರಿಂದ 45 ವರ್ಷ ಮಾತ್ರ ಅಂತ ಸಾಕ್ಷ್ಯ ಬಂತು. ದೋಷ ಒಳಗೆ ಅಡಗಿತ್ತು, ನಮಗೆ ಕಾಣಲಿಲ್ಲ ಅನ್ನೋದು ದಿಲ್ಲಿ ನಗರಪಾಲಿಕೆಯ ವಾದ. 1966ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗೋಪುರ ನಿಮ್ಮ ವಶದಲ್ಲಿತ್ತು, ಬಿದ್ದಿದ್ದೇ ಅಲಕ್ಷ್ಯದ ಕಥೆ ಹೇಳುತ್ತೆ, ಅಲ್ಲ ಅಂತ ತೋರಿಸೋ ಹೊರೆ ನಿಮ್ಮದು ಅಂದಿತು. ದಾವಾಪತ್ರ ಬರೆಯೋ ಬಡವನಿಗೆ ಇದು ಎಷ್ಟು ದೊಡ್ಡ ಬಲ ಅಂತ ಯೋಚಿಸಿ. ಗೋಪುರದ ಒಳಗಿನ ಗಾರೆ ಪುಡಿಯಾಗಿತ್ತು ಅಂತ ದಾರಿಹೋಕನ ಹೆಂಡತಿಗೆ ಮೊದಲೇ ಹೇಗೆ ಗೊತ್ತಾಗಬೇಕು?

ವಕೀಲರ ವಿಷಯಕ್ಕೂ ನಮ್ಮ ಸುಪ್ರೀಂ ಕೋರ್ಟ್ ಬೇರೆ ದಾರಿ ಹಿಡಿಯಿತು. 1981ರ ರಫೀಕ್ ವರ್ಸಸ್ ಮುನ್ಶಿಲಾಲ್ ಕೇಸಿನಲ್ಲಿ, ವಕೀಲ ಬಾರದ ಕಾರಣ ಅಲಹಾಬಾದ್ ಹೈಕೋರ್ಟಿನಲ್ಲಿ ಮೇಲ್ಮನವಿ ಮುಗಿದುಹೋಗಿತ್ತು. ಹಳ್ಳಿಯವನು ವಕೀಲನನ್ನು ಹಿಡಿದು, ಫೀಸು ಕೊಟ್ಟು ಊರಿಗೆ ಹೋದ ಮೇಲೆ, ಆ ವಕೀಲ ಕೋರ್ಟಿಗೆ ಬಂದನಾ ಇಲ್ಲವಾ ಅಂತ ಕಾಯ್ಕೊಂಡು ಕೂರಬೇಕಾ ಅನ್ನೋ ರೀತಿಯಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಬರೆದರು. ಮೇಲ್ಮನವಿಗೆ ಮತ್ತೆ ಜೀವ ಬಂತು, ಖರ್ಚು ಬಾರದ ವಕೀಲನ ತಲೆಗೆ ಬಂತು. ಅದು 200 ರೂಪಾಯಿ. ಹಾರ್ಲನ್ ಏನನ್ನುತ್ತಿದ್ದರೋ!

ಕೇಸು ಬಿಡೋಕೆ ನಮ್ಮಲ್ಲೂ ಅಂಕೆ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದ ಪ್ರಕಾರ, ಕೋರ್ಟಿನ ಅನುಮತಿ ಪಡೆದು ಲಿಖಿತವಾಗಿ ಮುಗಿಸೋ ತನಕ ವಕಾಲತ್ತು ಜೀವಂತ. ಕರ್ನಾಟಕದ ಕೋರ್ಟುಗಳಲ್ಲಿ ವಕೀಲರು ಇದಕ್ಕೆ ರಿಟೈರ್‌ಮೆಂಟ್ ಮೆಮೊ ಹಾಕೋದು ಅಂತಾರೆ. ಕೆಲವರು ಎದ್ದು ನಿಂತು "ನೋ ಇನ್‌ಸ್ಟ್ರಕ್ಷನ್ಸ್" ಅಂದುಬಿಡ್ತಾರೆ, ಅಂದರೆ ಕಕ್ಷಿದಾರ ನನಗೇನೂ ಹೇಳಿಲ್ಲ ಅಂತ. ಹಾಗಾದಾಗ ಕಕ್ಷಿದಾರನಿಗೆ ನೋಟಿಸ್ ಕೊಡದೆ ಅವನ ಬೆನ್ನ ಹಿಂದೆ ಡಿಕ್ರಿ ಮಾಡೋದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಮಲ್ಕಿಯತ್ ಸಿಂಗ್ ಕೇಸಿನಲ್ಲಿ ಹೇಳಿದೆ.

ಕೊನೆಗೆ ಫೈಲು. ಭೋಪಾಲದ ಸಹಕಾರಿ ಬ್ಯಾಂಕೊಂದರ ವಕೀಲರು, ಬ್ಯಾಂಕು ತಮ್ಮನ್ನು ಬಿಡಿಸಿದಾಗ, ಬಾಕಿ ಫೀಸು ಬರೋ ತನಕ ಕೇಸಿನ ಫೈಲು ಕೊಡಲ್ಲ ಅಂತ ಕೂತರು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಫೀಸು ಬೇಕಾದರೆ ಕಾನೂನಿನ ದಾರಿಯಲ್ಲಿ ವಸೂಲಿ ಮಾಡಿಕೊಳ್ಳಿ, ಫೈಲು ಹಿಡಿದಿಟ್ಟುಕೊಳ್ಳೋ ಹಕ್ಕು ನಿಮಗಿಲ್ಲ. ರೋಗಿಯ ಕಾಗದ ಹಿಡಿದಿಟ್ಟ ಡಾಕ್ಟರನ ಉದಾಹರಣೆಯನ್ನೂ ಕೋರ್ಟು ಕೊಟ್ಟಿತು. ವಕೀಲರಿಗೆ ವೃತ್ತಿಯಿಂದ ಅಮಾನತಾಗಿತ್ತು. ಕಾನೂನು ಅಲ್ಲಿಯತನಕ ಸ್ಪಷ್ಟ ಇರಲಿಲ್ಲ ಅಂತ ಅದನ್ನು ಬರೀ ಛೀಮಾರಿಗೆ ಇಳಿಸಲಾಯಿತು. ಹಾಗಾಗಿ ನಿಮ್ಮ ವಕೀಲರು ಬದಲಾದರೆ, ಹಳೇ ಫೈಲು ಕೇಳಿ. ಅದು ನಿಮ್ಮದು.