ಕತ್ತರಿಯಿಂದ ಕೈಬರಹದತ್ತ: ಇಂಗ್ಲಿಷಿಗೆ ಬಂದ ವೈಗೋಟ್‌ಸ್ಕಿ

ಹತ್ತು ವರ್ಷದ ಇಬ್ಬರು ಮಕ್ಕಳು. ಪರೀಕ್ಷೆಯಲ್ಲಿ ಇಬ್ಬರದೂ ಎಂಟು ವರ್ಷದವರ ಮಟ್ಟ. ದೊಡ್ಡವರು ಚೂರು ದಾರಿ ತೋರಿಸಿದರೆ ಒಂದು ಮಗು ಹನ್ನೆರಡರ ಮಟ್ಟದ ಸಮಸ್ಯೆ ಬಿಡಿಸುತ್ತದೆ, ಇನ್ನೊಂದು ಒಂಬತ್ತಕ್ಕೇ ನಿಲ್ಲುತ್ತದೆ. ಹಾಗಾದರೆ ಇಬ್ಬರ ಬುದ್ಧಿಯ ಬೆಳವಣಿಗೆ ಒಂದೇ ಎನ್ನಲಾದೀತೇ? ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ಕೇಳಿದ ಈ ಪ್ರಶ್ನೆಯನ್ನು ಶಿಕ್ಷಕರಾಗಲು ಓದುವವರು ಬಲ್ಲರು. ಕೇಂದ್ರ ಶಿಕ್ಷಕ ಅರ್ಹತಾ ಪರೀಕ್ಷೆಯ (ಸಿಟಿಇಟಿ) ಪಠ್ಯಕ್ರಮದಲ್ಲಿ ಮನಶ್ಶಾಸ್ತ್ರಜ್ಞರಾದ ಪಿಯಾಜೆ, ಕೋಲ್‌ಬರ್ಗ್ ಜೊತೆಗೆ ಅವರ ಹೆಸರೂ ಇದೆ. ಆದರೆ ಜಗತ್ತಿನ ಬಹುಪಾಲು ಓದುಗರಿಗೆ ಮೊದಲು ಸಿಕ್ಕಿದ್ದು ಇಂಗ್ಲಿಷ್ ಸಂಪಾದಕರು ಕತ್ತರಿಸಿ ಜೋಡಿಸಿದ ವೈಗೋಟ್‌ಸ್ಕಿ.

1934ರ ಜೂನ್‌ನಲ್ಲಿ ಕ್ಷಯದಿಂದ ಮಾಸ್ಕೋದಲ್ಲಿ ತೀರಿಕೊಂಡಾಗ ಅವರಿಗೆ 37 ವರ್ಷ. ‘ಚಿಂತನೆ ಮತ್ತು ಮಾತು’ ಅಚ್ಚಾಗಿ ಬಂದದ್ದು ಅವರು ಹೋದ ಮೇಲೆ, ಅದೇ ವರ್ಷ. 1936ರಲ್ಲಿ ಕಮ್ಯುನಿಸ್ಟ್ ಪಕ್ಷವು ಮಕ್ಕಳ ಅಧ್ಯಯನವಾದ ಪೆಡಾಲಜಿಯ ವಿರುದ್ಧ ಆದೇಶ ಹೊರಡಿಸಿತು. ಅದರ ನೆರಳು ವೈಗೋಟ್‌ಸ್ಕಿಯ ಬರಹಗಳ ಮೇಲೂ ಬಿತ್ತು; ‘ಚಿಂತನೆ ಮತ್ತು ಮಾತು’ ಮತ್ತೆ ಅಚ್ಚಿನ ಮುಖ ಕಂಡದ್ದು 1956ರಲ್ಲಿ.

ಯುಜೀನಿಯಾ ಹಾನ್‌ಫ್‌ಮನ್ ಮತ್ತು ಗರ್ಟ್ರೂಡ್ ವಾಕರ್ ಮಾಡಿದ ಅದರ ಇಂಗ್ಲಿಷ್ ಅನುವಾದವನ್ನು ಎಂಐಟಿ ಪ್ರೆಸ್ 1962ರಲ್ಲಿ ‘ಥಾಟ್ ಅಂಡ್ ಲಾಂಗ್ವೇಜ್’ ಎಂಬ ಹೆಸರಿನಲ್ಲಿ ಹೊರತಂದಿತು. ಮುನ್ನುಡಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ಅವರದು. ಮೂಲದ ಅರ್ಧಕ್ಕೂ ಹೆಚ್ಚು ಭಾಗ ಅದರಲ್ಲಿ ಉಳಿದಿರಲಿಲ್ಲ. ವಾದವಿವಾದಗಳು, ಮಾರ್ಕ್ಸ್‌ವಾದದ ಚರ್ಚೆ, ಪುನರುಕ್ತಿಗಳು ಎಲ್ಲಕ್ಕೂ ಕತ್ತರಿ ಬಿದ್ದಿತ್ತು. ಆದರೂ ಆ ಪುಸ್ತಕದಿಂದ ಒಂದು ಅಪರೂಪದ ಸಂಗತಿ ನಡೆಯಿತು: ಮಗು ತನ್ನಷ್ಟಕ್ಕೆ ಆಡಿಕೊಳ್ಳುವ ಮಾತಿನ ಬಗ್ಗೆ ವೈಗೋಟ್‌ಸ್ಕಿ ಎತ್ತಿದ್ದ ಆಕ್ಷೇಪಗಳಿಗೆ ಪಿಯಾಜೆ ಉತ್ತರ ಬರೆದರು. ಟೀಕಿಸಿದವರು ತೀರಿಕೊಂಡು ಕಾಲು ಶತಮಾನವೇ ಕಳೆದಿತ್ತು.

1978ರ ‘ಮೈಂಡ್ ಇನ್ ಸೊಸೈಟಿ’ ಇನ್ನೂ ದೊಡ್ಡ ಹೆಜ್ಜೆ. ವೈಗೋಟ್‌ಸ್ಕಿಯ ಒಡನಾಡಿ ಅಲೆಕ್ಸಾಂಡರ್ ಲೂರಿಯಾ ಹಸ್ತಪ್ರತಿಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೇಲ್ ಕೋಲ್ ಅವರಿಗೆ ಒಪ್ಪಿಸಿದ್ದರು. ಕೋಲ್ ಮತ್ತು ಜೊತೆಗಾರರು ಬೇರೆ ಬೇರೆ ಬರಹಗಳನ್ನು ಬೆಸೆದು ಪುಸ್ತಕ ಕಟ್ಟಿದರು; ಹಾಗೆ ಮಾಡಿದ್ದನ್ನು ಮುನ್ನುಡಿಯಲ್ಲೇ ಹೇಳಿಕೊಂಡರು. ಅದೇ ವರ್ಷ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ ವೈಗೋಟ್‌ಸ್ಕಿಯನ್ನು ಮನಶ್ಶಾಸ್ತ್ರದ ಮೊಜಾರ್ಟ್ ಎಂದು ಕರೆದರು.

ಆ ಸಂಪಾದಕರನ್ನು ದೂರುವುದು ಅನ್ಯಾಯ. ಅವರಿಲ್ಲದಿದ್ದರೆ ಓದುಗರೇ ಇರುತ್ತಿರಲಿಲ್ಲ. ಆದರೆ ನಷ್ಟವಾದದ್ದು ಸಣ್ಣದಲ್ಲ. ಇಬ್ಬರು ಮಕ್ಕಳ ಉದಾಹರಣೆ ತನ್ನ ಸುತ್ತಲಿನ ವಾದದಿಂದ ಕಳಚಿಕೊಂಡು, ಗುರು ನೆರವಾದರೆ ಮಗು ಕಲಿಯುತ್ತದೆ ಎಂಬ ಸರಳ ಸೂತ್ರವಾಗಿ ಪಠ್ಯಪುಸ್ತಕ ಸೇರಿತು. ಬ್ರೂನರ್, ಡೇವಿಡ್ ವುಡ್, ಗೇಲ್ ರಾಸ್ 1976ರಲ್ಲಿ ಬಳಕೆಗೆ ತಂದ ‘ಸ್ಕ್ಯಾಫೋಲ್ಡಿಂಗ್’ (ಕಲಿಯುವವರಿಗೆ ಆಸರೆ ಕಟ್ಟುವುದು) ಎಂಬ ಪದವನ್ನು ಎಷ್ಟೋ ಕೈಪಿಡಿಗಳು ಇಂದಿಗೂ ವೈಗೋಟ್‌ಸ್ಕಿಯ ಬಾಯಿಗೆ ಹಾಕುತ್ತವೆ.

ತಿದ್ದುಪಡಿ ನಿಧಾನವಾಗಿ ಬಂತು. 1986ರಲ್ಲಿ ಅಲೆಕ್ಸ್ ಕೊಜುಲಿನ್ ‘ಥಾಟ್ ಅಂಡ್ ಲಾಂಗ್ವೇಜ್’ನ ಹಳೆಯ ಅನುವಾದವನ್ನು ಹಿಗ್ಗಿಸಿದರು. 1987ರಲ್ಲಿ ನಾರಿಸ್ ಮಿನಿಕ್ ಇಡೀ ಪುಸ್ತಕವನ್ನೇ ಹೊಸದಾಗಿ ಅನುವಾದಿಸಿದರು. ಅದರಿಂದ ಶುರುವಾದ ಆರು ಸಂಪುಟಗಳ ಕೃತಿಶ್ರೇಣಿ 1999ರಲ್ಲಿ ಮುಗಿಯಿತು. ಎರಡನೆಯ ಸಂಪುಟ ಕಿವುಡು, ಕುರುಡು ಮಕ್ಕಳ ಶಿಕ್ಷಣದ ಬರಹಗಳನ್ನು ತಂದರೆ, ಐದನೆಯದು ಒಂದು, ಮೂರು, ಏಳನೆಯ ವಯಸ್ಸಿನಲ್ಲಿ ಮಗು ಹಾಯುವ ಬಿಕ್ಕಟ್ಟುಗಳ ಚಿಂತನೆಯನ್ನು ತಂದಿತು. ನೆರವಿನ ಮಾತು ನಿಜಕ್ಕೂ ಸೇರಬೇಕಾದದ್ದು ಇಲ್ಲಿಗೆ: ಯಾವ ಸಾಮರ್ಥ್ಯ ಇನ್ನೂ ಮಾಗುತ್ತಿದೆ, ಮುಂದಿನ ವಯೋಘಟ್ಟಕ್ಕೆ ಮಗು ಎಷ್ಟು ಹತ್ತಿರವಿದೆ ಎಂದು ಅಳೆಯುವ ಉಪಾಯ ಅದು.

ಬೇರೆ ದೇಶಗಳಲ್ಲೂ ಹೀಗೇ. ಬ್ರೆಜಿಲ್ ಮೊದಲು ಓದಿದ್ದು ಇಂಗ್ಲಿಷಿನಿಂದ ಇಳಿದ ಪೋರ್ಚುಗೀಸ್ ಅನುವಾದವನ್ನು. ಪಾವ್ಲೊ ಬೆಜೆರಾ ‘ಚಿಂತನೆ ಮತ್ತು ಮಾತು’ ಪುಸ್ತಕವನ್ನು ರಷ್ಯನ್‌ನಿಂದ ಪೂರ್ತಿ ತಂದದ್ದು 2001ರಲ್ಲಿ. ಇಟಲಿಯ ಲುಚಾನೊ ಮೆಕಾಚ್ಚಿ 1990ರಲ್ಲೇ 1934ರ ಮುದ್ರಣವನ್ನು ಹಿಡಿದು ಅನುವಾದಿಸಿದ್ದರು.

ಈಗ ಅನುಮಾನ ಆ ಆರು ಸಂಪುಟಗಳಿಗೆ ಮೂಲವಾದ ಸೋವಿಯತ್ ಸಂಪುಟಗಳ ಮೇಲೂ ತಿರುಗಿದೆ. ಅವುಗಳಲ್ಲಿನ ಕೆಲವು ಪಠ್ಯಗಳನ್ನು ತಿದ್ದಲಾಗಿದೆ ಎಂದು ಸಂಶೋಧಕರಾದ ಆಂಟನ್ ಯಾಸ್ನಿಟ್‌ಸ್ಕಿ, ರೆನೆ ವಾನ್ ಡೆರ್ ವೀರ್ ಮುಂತಾದವರು ತೋರಿಸಿದ್ದಾರೆ. ಕುಟುಂಬದವರು ಕಾಪಾಡಿಕೊಂಡಿದ್ದ ಟಿಪ್ಪಣಿಗಳನ್ನು ಎಕಟರೀನಾ ಜಾವೆರ್ಶ್ನೆವಾ ಮತ್ತು ವಾನ್ ಡೆರ್ ವೀರ್ 2018ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಧ್ಯಾಪಕರ ತರಬೇತಿಯಲ್ಲಿ ಹಳೆಯ ಕೈಪಿಡಿಗಳ ಬದಲು ಇವನ್ನೂ ಐದನೆಯ ಸಂಪುಟವನ್ನೂ ಓದಿಸುವ ಕಾಲ ಬಂದಿದೆ.