ಎರಡು ಕಡತಗಳ ನಡುವಿನ ವಾಕಿಟಾಕಿ

ದಕ್ಷಿಣ ಕೊರಿಯಾದ ಟಿವಿಎನ್ ವಾಹಿನಿಯಲ್ಲಿ 2016ರ ಜನವರಿಯಿಂದ ಮಾರ್ಚ್‌ವರೆಗೆ ‘ಸಿಗ್ನಲ್’ ಎಂಬ ಧಾರಾವಾಹಿ ಬಂತು. ಒಟ್ಟು 16 ಕಂತು. ಬರೆದವರು ಕಿಮ್ ಉನ್ ಹೀ, ನಿರ್ದೇಶಿಸಿದವರು ಕಿಮ್ ವೊನ್ ಸೊಕ್. ಸುಬ್ರಹ್ಮಣ್ಯಪುರದಲ್ಲಿ ನಾವು ಮೂವರು ಸಂಶೋಧನಾ ವಿದ್ಯಾರ್ಥಿಗಳು ಹಂಚಿಕೊಂಡಿರುವ ಬಾಡಿಗೆ ಮನೆಯಲ್ಲಿ ಅದನ್ನು ನಾಲ್ಕು ರಾತ್ರಿಗಳಲ್ಲಿ ನೋಡಿ ಮುಗಿಸಿದೆವು. ಜತೆಗಿದ್ದ ಇಬ್ಬರು ಕೊನೆಯ ಕಂತಿನ ಬಗ್ಗೆ ಜಗಳವಾಡಿ ಮಲಗಿದರು. ಹಳೆ ಮೈಸೂರಿನ ಪೊಲೀಸ್ ಆಡಳಿತದ ವರದಿಗಳನ್ನು ಓದುತ್ತಾ ಪಿಎಚ್‌ಡಿ ಮಾಡುತ್ತಿರುವ ನನಗೆ ಮಾತ್ರ ಬೇರೆಯದೇ ತಕರಾರು ಉಳಿಯಿತು.

ಕತೆ ಹೀಗಿದೆ. 2015ರಲ್ಲಿರುವ ಪಾರ್ಕ್ ಹೆ ಯಂಗ್ ಎಂಬ ಯುವ ಅಧಿಕಾರಿಗೆ ಒಂದು ಹಳೆಯ ವಾಕಿಟಾಕಿ ಸಿಗುತ್ತದೆ. ಅದರಲ್ಲಿ ಬ್ಯಾಟರಿಯೇ ಇಲ್ಲ. ಆದರೂ ರಾತ್ರಿ 11 ಗಂಟೆ 23 ನಿಮಿಷಕ್ಕೆ ಅದು ಮಾತಾಡುತ್ತದೆ. ಆ ಕಡೆ ಇರುವವನು ಹಿಂದಿನ ಕಾಲದ ಪತ್ತೇದಾರ ಲೀ ಜೆ ಹಾನ್. ಇವನು ಮುಂದೆ ಆಗಲಿರುವುದನ್ನು ಹೇಳುತ್ತಾನೆ, ಅವನು ಅದನ್ನು ತಪ್ಪಿಸಲು ಓಡುತ್ತಾನೆ. ಹಿಂದೆ ಏನಾದರೂ ಬದಲಾದರೆ ಇಲ್ಲಿನ ಕಡತವೂ ಬದಲಾಗುತ್ತದೆ. ಇಬ್ಬರ ನಡುವೆ ಕೊಂಡಿಯಾಗಿ, ಜೆ ಹಾನ್‌ನನ್ನು ವರ್ಷಗಟ್ಟಲೆ ಹುಡುಕುತ್ತಿರುವ ಹಿರಿಯ ಅಧಿಕಾರಿ ಚಾ ಸು ಹ್ಯುನ್ ಇದ್ದಾಳೆ.

ಕೇಳಲು ಮಾಂತ್ರಿಕ ಕತೆ. ಆದರೆ ಇದರ ಬೇರು ಇರುವುದು ಒಂದು ಕಾನೂನಿನಲ್ಲಿ. ಕೊರಿಯಾದಲ್ಲಿ ಕೊಲೆಗೂ ಕಾಲಮಿತಿ ಇತ್ತು. ಬಹುಕಾಲ ಅದು 15 ವರ್ಷ. 2007ರಲ್ಲಿ 25ಕ್ಕೆ ಏರಿತು. ಅಷ್ಟರೊಳಗೆ ಆರೋಪಿಯನ್ನು ಹಿಡಿದು ನ್ಯಾಯಾಲಯದ ಮುಂದೆ ತಾರದಿದ್ದರೆ ಆಮೇಲೆ ಅವನೇ ಬಂದು ಒಪ್ಪಿಕೊಂಡರೂ ಶಿಕ್ಷೆಯಿಲ್ಲ. 2015ರ ಜುಲೈನಲ್ಲಿ ಅಲ್ಲಿನ ಸಂಸತ್ತು ಆ ಮಿತಿಯನ್ನು ತೆಗೆದುಹಾಕಿತು. 1999ರಲ್ಲಿ ದೇಗು ನಗರದಲ್ಲಿ ಆ್ಯಸಿಡ್ ದಾಳಿಗೆ ಸಿಕ್ಕಿ ಸತ್ತ ಆರು ವರ್ಷದ ಬಾಲಕನ ಹೆಸರಿನಿಂದ ಜನ ಆ ಕಾನೂನನ್ನು ಕರೆದರು. ಅವನ ಪ್ರಕರಣದ ಅವಧಿ ಅಷ್ಟರಲ್ಲಾಗಲೇ ಮುಗಿದಿದ್ದರಿಂದ ಅವನಿಗೇ ಅದು ಅನ್ವಯವಾಗಲಿಲ್ಲ. ಈ ಗಾಯ ಹಸಿಯಾಗಿದ್ದಾಗಲೇ ‘ಸಿಗ್ನಲ್’ ಬಂದದ್ದು. ಅದರ ಮೊದಲ ಪ್ರಕರಣವೇ ಅವಧಿ ಮುಗಿಯಲು ಗಂಟೆಗಳಷ್ಟೇ ಉಳಿದಿರುವ ಒಂದು ಮಗುವಿನ ಅಪಹರಣದ್ದು.

ಧಾರಾವಾಹಿಯ ದೊಡ್ಡ ಬಲ ಇಲ್ಲಿದೆ. ಇಲ್ಲಿ ಪತ್ತೇದಾರನಿಗಿಂತ ಕಡತ ಮುಖ್ಯ. ನಮ್ಮ ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನ ಕಾಲದಿಂದ ಪತ್ತೇದಾರಿ ಕತೆಯೆಂದರೆ ಚುರುಕು ಬುದ್ಧಿಯ ಒಬ್ಬ ಗಂಡಸು, ಅವನ ಮುಂದೆ ಒಂದು ಒಗಟು. ‘ಸಿಗ್ನಲ್’ನಲ್ಲಿ ಕಪಾಟಿನಲ್ಲಿ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಗಳಿವೆ. ಪ್ರತಿ ಪೆಟ್ಟಿಗೆಯ ಹಿಂದೆ ಒಂದು ಮನೆ, ಆ ಮನೆಯಲ್ಲಿ ಇನ್ನೂ ಕಾಯುತ್ತಿರುವ ಒಬ್ಬ ತಾಯಿಯೋ ತಂದೆಯೋ. ಕೊಲೆಯ ದೃಶ್ಯಕ್ಕಿಂತ ಹೆಚ್ಚು ಹೊತ್ತು ಕ್ಯಾಮರಾ ಈ ಕಾಯುವವರ ಮುಖದ ಮೇಲೆ ನಿಲ್ಲುತ್ತದೆ. ಪ್ರಕರಣ ಹಳೆಯದಾದಷ್ಟೂ ನೋವು ಹಳೆಯದಾಗುವುದಿಲ್ಲ ಎಂಬುದನ್ನು ಭಾಷಣವಿಲ್ಲದೆ ತೋರಿಸುತ್ತದೆ.

ಎರಡನೆಯ ಬಲ, ಇತಿಹಾಸದ ಜತೆ ಅದರ ನಂಟು. ಧಾರಾವಾಹಿಯಲ್ಲಿ ಬರುವ ‘ಗ್ಯೊಂಗಿ ದಕ್ಷಿಣ’ದ ಸರಣಿ ಕೊಲೆಗಳು ನಿಜವಾಗಿ ಹ್ವಾಸೊಂಗ್‌ನ ಕೊಲೆಗಳು. 1986ರ ಸೆಪ್ಟೆಂಬರ್‌ನಿಂದ 1991ರ ಏಪ್ರಿಲ್‌ವರೆಗೆ ಸೋಲ್‌ನ ದಕ್ಷಿಣಕ್ಕಿರುವ ಆ ಗ್ರಾಮಾಂತರ ಸೀಮೆಯಲ್ಲಿ ಹತ್ತು ಹೆಣ್ಣುಮಕ್ಕಳ ಕೊಲೆಯಾಯಿತು. ಶಾಲೆಗೆ ಹೋಗುವ ಹುಡುಗಿಯರೂ ಇದ್ದರು, ಎಪ್ಪತ್ತು ದಾಟಿದ ಅಜ್ಜಿಯೂ ಇದ್ದರು. ಪೊಲೀಸರು 20 ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಆಗ ಕೊರಿಯಾದಲ್ಲಿ ಚುನ್ ದೂ ಹ್ವಾನ್‌ನ ಮಿಲಿಟರಿ ಆಡಳಿತ. 1987ರಲ್ಲಿ ಬೀದಿಬೀದಿಯಲ್ಲಿ ಪ್ರಜಾಪ್ರಭುತ್ವದ ಹೋರಾಟ. ಪೊಲೀಸರಿಗೆ ಗದ್ದೆಯ ಬದುವಿನಲ್ಲಿ ಸತ್ತವಳಿಗಿಂತ ಚೌಕದಲ್ಲಿ ಘೋಷಣೆ ಕೂಗುವ ವಿದ್ಯಾರ್ಥಿಯೇ ದೊಡ್ಡ ಕೆಲಸವಾಗಿದ್ದ ಕಾಲ ಅದು. ಬಾಂಗ್ ಜೂನ್ ಹೋ 2003ರಲ್ಲಿ ತೆಗೆದ ‘ಮೆಮೊರೀಸ್ ಆಫ್ ಮರ್ಡರ್’ ಸಿನಿಮಾ ಇದೇ ಪ್ರಕರಣದ್ದು. ಅಲ್ಲಿ ಕೊಲೆಗಾರ ಸಿಗುವುದಿಲ್ಲ. 2006ರಲ್ಲಿ ಕೊನೆಯ ಕೊಲೆಯ ಅವಧಿಯೂ ಮುಗಿಯಿತು. ಹತ್ತು ವರ್ಷದ ನಂತರ ಬಂದ ‘ಸಿಗ್ನಲ್’ ಕಲ್ಪನೆಯಲ್ಲಾದರೂ ಅವನನ್ನು ಹಿಡಿಯುತ್ತದೆ.

ಇಷ್ಟಾಗಿ ಮೂರು ವರ್ಷಕ್ಕೆ, 2019ರ ಸೆಪ್ಟೆಂಬರ್‌ನಲ್ಲಿ, ನಿಜವಾದ ಕೊಲೆಗಾರ ಗೊತ್ತಾದ. ಲೀ ಚುನ್ ಜೆ ಎಂಬಾತ. ಅವನನ್ನು ಓಡಿ ಹಿಡಿಯಬೇಕಾಗಿರಲಿಲ್ಲ. ಹೆಂಡತಿಯ ತಂಗಿಯನ್ನು 1994ರಲ್ಲಿ ಕೊಂದದ್ದಕ್ಕೆ ಜೀವಾವಧಿ ಶಿಕ್ಷೆಯಾಗಿ ಅವನು ಬುಸಾನ್‌ನ ಸೆರೆಮನೆಯಲ್ಲೇ ಇದ್ದ. ಪೊಲೀಸರು ಕಾಪಿಟ್ಟಿದ್ದ ಸತ್ತವರ ಬಟ್ಟೆಬರೆಗಳನ್ನು ಹೊಸ ವಿಧಾನದಲ್ಲಿ ಡಿಎನ್‌ಎ ಪರೀಕ್ಷೆಗೆ ಕಳಿಸಿದಾಗ ಹೊಂದಿಕೆ ಸಿಕ್ಕಿತು. ಅವನು 14 ಕೊಲೆಗಳನ್ನು ಒಪ್ಪಿಕೊಂಡ. ಅವಧಿ ಮುಗಿದಿದ್ದರಿಂದ ಹ್ವಾಸೊಂಗ್ ಕೊಲೆಗಳಿಗೆ ಅವನ ಮೇಲೆ ಮೊಕದ್ದಮೆ ಹೂಡಲು ಆಗಲಿಲ್ಲ.

ಧಾರಾವಾಹಿ ಹೇಳಿದ್ದು ಒಂದು ಅರ್ಥದಲ್ಲಿ ನಿಜವಾಯಿತು: ಬಿಸಾಡದೆ ಇಟ್ಟ ಪೆಟ್ಟಿಗೆ ಒಂದು ದಿನ ಮಾತಾಡುತ್ತದೆ. ಆದರೆ ಅದೇ ಹೊತ್ತಿಗೆ ಧಾರಾವಾಹಿಯ ದೌರ್ಬಲ್ಯವೂ ಬೆಳಕಿಗೆ ಬಂತು. ಲೀ ಚುನ್ ಜೆಯನ್ನು ಆ ಕಾಲದಲ್ಲೇ ಪೊಲೀಸರು ವಿಚಾರಿಸಿ ಬಿಟ್ಟಿದ್ದರು. ಕೊಲೆಗಾರನ ರಕ್ತ ‘ಬಿ’ ಗುಂಪಿನದು ಎಂದು ಅವರು ನಂಬಿದ್ದರು. ಅವನದು ‘ಒ’ ಗುಂಪು. ಯಾರೂ ಲಂಚ ತಿಂದು ಅವನನ್ನು ಬಿಡಲಿಲ್ಲ. ಕಾಗದದ ಮೇಲಿದ್ದ ಒಂದು ಅಕ್ಷರವನ್ನು ಎಲ್ಲರೂ ನಂಬಿದರು, ಅಷ್ಟೆ.

ಎಂಟನೆಯ ಕೊಲೆಯದು ಇನ್ನೂ ಕಷ್ಟದ ಕತೆ. ಸೋಲ್ ಒಲಿಂಪಿಕ್ಸ್ ಆರಂಭವಾದ 1988ರ ಸೆಪ್ಟೆಂಬರ್‌ನಲ್ಲಿ 13 ವರ್ಷದ ಹುಡುಗಿಯೊಬ್ಬಳು ತನ್ನ ಮನೆಯಲ್ಲೇ ಕೊಲೆಯಾದಳು. ಮರುವರ್ಷ 22ರ ಒಬ್ಬ ಯುವಕನನ್ನು ಹಿಡಿದರು. ಪೋಲಿಯೊದಿಂದ ಕಾಲು ಊನವಾಗಿದ್ದ, ಬೇಸಾಯದ ಯಂತ್ರ ರಿಪೇರಿ ಮಾಡುತ್ತಿದ್ದ ಬಡವ. ನಿದ್ದೆಗೆಡಿಸಿ ಪಡೆದ ತಪ್ಪೊಪ್ಪಿಗೆ, ಕೂದಲಿನ ಮೇಲೆ ನಡೆದ ಒಂದು ವೈಜ್ಞಾನಿಕ ಪರೀಕ್ಷೆಯ ವರದಿ ಇವೆರಡರ ಬಲದಿಂದ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಇದು ಸರಣಿಯದ್ದಲ್ಲ, ಯಾರೋ ಅನುಕರಿಸಿ ಮಾಡಿದ್ದು ಎಂದು ಕಡತ ಮುಚ್ಚಿದರು. ಸುಮಾರು 20 ವರ್ಷ ಸೆರೆಯಲ್ಲಿದ್ದು 2009ರಲ್ಲಿ ಅವನು ಪೆರೋಲ್ ಮೇಲೆ ಹೊರಬಂದ. ಅದನ್ನೂ ಮಾಡಿದ್ದು ತಾನೇ ಎಂದು ಲೀ ಚುನ್ ಜೆ ಹೇಳಿದ ಮೇಲೆ, 2020ರ ಡಿಸೆಂಬರ್‌ನಲ್ಲಿ ಸುವೊನ್ ನ್ಯಾಯಾಲಯ ಮರುವಿಚಾರಣೆ ನಡೆಸಿ ಅವನನ್ನು ನಿರ್ದೋಷಿ ಎಂದಿತು.

‘ಸಿಗ್ನಲ್’ನಲ್ಲೂ ನಿರಪರಾಧಿಯನ್ನು ಸಿಕ್ಕಿಸುವ ಕತೆಯಿದೆ. ಹೆ ಯಂಗ್‌ನ ಅಣ್ಣನೇ ಹಾಗೆ ಬಲಿಯಾದವನು. ಆದರೆ ಅಲ್ಲಿ ಅದನ್ನು ಮಾಡಿಸುವವರು ಗೊತ್ತಿದ್ದೇ ಮಾಡಿಸುವ ಕೆಟ್ಟ ಜನ: ಒಬ್ಬ ಭ್ರಷ್ಟ ಮೇಲಧಿಕಾರಿ, ಅವನ ಹಿಂದೆ ಒಬ್ಬ ರಾಜಕಾರಣಿ. ಕಂತು ಮುಂದೆ ಹೋದಂತೆ ಬಿಡಿ ಬಿಡಿಯಾಗಿದ್ದ ಅನ್ಯಾಯಗಳಲ್ಲಿ ಹಲವು ಆ ಮೇಲಧಿಕಾರಿಯ ಮೇಜಿಗೇ ಬಂದು ನಿಲ್ಲುತ್ತವೆ. ನೋಡುವವರಿಗೆ ಸಿಟ್ಟು ತೀರಿಸಿಕೊಳ್ಳಲು ಒಂದು ಮುಖ ಸಿಗುತ್ತದೆ. ನಿಜದ ಎಂಟನೆಯ ಪ್ರಕರಣದಲ್ಲಿ ಅಂಥ ಒಂದು ಮುಖ ಇಲ್ಲ. ಹೊಡೆದು ಒಪ್ಪಿಸುವುದೇ ರೂಢಿಯಾಗಿದ್ದ ಠಾಣೆ, ವರದಿ ಕೊಟ್ಟ ಪ್ರಯೋಗಾಲಯ, ಅದನ್ನು ಪ್ರಶ್ನಿಸದ ನ್ಯಾಯಾಲಯ ಎಲ್ಲವೂ ತಮ್ಮ ತಮ್ಮ ದಿನದ ಕೆಲಸ ಮಾಡಿದವು. ನನ್ನ ತಕರಾರು ಇದೇ. ದುಷ್ಟನೊಬ್ಬನನ್ನು ತೆಗೆದರೆ ವ್ಯವಸ್ಥೆ ಸರಿಹೋಗುತ್ತದೆ ಎಂಬ ಸಮಾಧಾನವನ್ನು ಧಾರಾವಾಹಿ ಕೊಡುತ್ತದೆ. ಇತಿಹಾಸ ಅದನ್ನು ಕೊಡುವುದಿಲ್ಲ.

ಇದು ಕೊರಿಯಾದ ಮಾತು, ನಮಗೇನು ಎನ್ನಬಹುದು. ಭಾರತದಲ್ಲಿ ಕೊಲೆಗೆ ಕಾಲಮಿತಿಯಿಲ್ಲ. 2024ರವರೆಗೆ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆ ಮಿತಿ ಹಾಕಿದ್ದು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಹಾಗಾಗಿ ನಮ್ಮಲ್ಲಿ ಕಾನೂನು ಕಡತ ಮುಚ್ಚಿಸುವುದಿಲ್ಲ. ಆದರೆ ಕಡತ ತೆರೆಯುವಾಗಲೇ ಅದಕ್ಕೆ ಯಾವ ಹೆಸರು ಕೊಡುತ್ತೇವೆ ಎಂಬುದು ಅದನ್ನು ಮುಚ್ಚಬಲ್ಲದು. ಇದಕ್ಕೆ ದಕ್ಷಿಣ ಕನ್ನಡದ ಒಂದು ಪ್ರಕರಣ ನೋಡಬೇಕು.

2003ರಿಂದ 2009ರವರೆಗೆ ಪ್ರಾಥಮಿಕ ಶಾಲೆಯ ಮಾಜಿ ಮಾಸ್ತರ ಮೋಹನ್ ಕುಮಾರ್ 20 ಹೆಣ್ಣುಮಕ್ಕಳನ್ನು ಕೊಂದ. ದಕ್ಷಿಣ ಕನ್ನಡದ, ಪಕ್ಕದ ಕಾಸರಗೋಡಿನ, ವರದಕ್ಷಿಣೆ ಕೊಡಲಾಗದ ಬಡ ಮನೆಗಳವರು. ಹುಡುಗಿಯ ಜಾತಿಗೆ ಹೊಂದುವ ಸುಳ್ಳು ಹೆಸರು ಹೇಳಿ, ವರದಕ್ಷಿಣೆ ಬೇಡ, ಮದುವೆಯಾಗುತ್ತೇನೆ ಎಂದು ಘಟ್ಟ ಹತ್ತಿಸುತ್ತಿದ್ದ. ಲಾಡ್ಜಿನಲ್ಲಿ ಒಡವೆ ಬಿಚ್ಚಿಡಿಸಿ, ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಒಂದು ಮಾತ್ರೆ ಕೊಟ್ಟು, ವಾಂತಿಯಾಗಬಹುದು, ಶೌಚಾಲಯದಲ್ಲಿ ನುಂಗು ಎನ್ನುತ್ತಿದ್ದ. ಅದು ಸೈನೈಡ್. ಮೈಸೂರಿನ ಲಷ್ಕರ್ ಮೊಹಲ್ಲಾ ಬಸ್ ನಿಲ್ದಾಣದಲ್ಲಿ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ, ಬೇರೆ ಊರುಗಳಲ್ಲಿ, ಒಳಗಿನಿಂದ ಚಿಲಕ ಹಾಕಿದ ಬಾಗಿಲು ಒಡೆದಾಗ ರೇಷ್ಮೆ ಸೀರೆಯುಟ್ಟ, ಒಡವೆಯಿಲ್ಲದ ಒಂದೊಂದು ಹೆಣ ಸಿಗುತ್ತಿತ್ತು.

ವಿಧಾನಸೌಧದ ರಾಜ್ಯ ಪತ್ರಾಗಾರಕ್ಕೆ ಹೋಗಲು ನಾನು ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುತ್ತೇನೆ. ಮೇಲೆ ಅದೇ ಬಸ್ ನಿಲ್ದಾಣ. ಪತ್ರಾಗಾರದಲ್ಲಿ ನಾನು ಓದುವ ನೂರು ವರ್ಷದ ಹಿಂದಿನ ವರದಿಗಳಲ್ಲಿ ಕಳುವಾದ ಸ್ವತ್ತೆಷ್ಟು, ಪತ್ತೆಯಾದ ಸ್ವತ್ತೆಷ್ಟು ಎಂಬ ಕೋಷ್ಟಕಗಳಿರುತ್ತವೆ. ಯಾವ ಸಾವು ಯಾವ ಕಲಮಿನಡಿ ಬಿತ್ತು ಎಂಬುದರ ಮೇಲೆ ಅದು ಎಣಿಕೆಗೆ ಬರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಮೋಹನನ ಪ್ರಕರಣದಲ್ಲೂ ಆದದ್ದು ಅದೇ. ಊರಿನ ಠಾಣೆಯಲ್ಲಿ ಮಗಳು ‘ಕಾಣೆ’. ಜನರ ಬಾಯಲ್ಲಿ ‘ಯಾರ ಜತೆಗೋ ಓಡಿಹೋದವಳು’. ನೂರಾರು ಕಿಲೋಮೀಟರ್ ದೂರದ ನಗರದಲ್ಲಿ ಗುರುತು ಸಿಗದ ಹೆಣ, ಅಸ್ವಾಭಾವಿಕ ಮರಣ, ಠಾಣೆಯ ಭಾಷೆಯಲ್ಲಿ ‘ಯುಡಿಆರ್’. ಒಂದು ಕಡತದಲ್ಲಿ ಹೆಸರಿದೆ, ದೇಹವಿಲ್ಲ. ಇನ್ನೊಂದರಲ್ಲಿ ದೇಹವಿದೆ, ಹೆಸರಿಲ್ಲ. ಎರಡನ್ನೂ ಒಂದೇ ಮೇಜಿನ ಮೇಲೆ ಇಡುವ ಕೆಲಸ ಆರು ವರ್ಷ ಆಗಲಿಲ್ಲ.

ಕೊನೆಗೆ 2009ರಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದಾಗ, ಅನ್ಯಧರ್ಮದವನ ಜತೆ ಹೋಗಿದ್ದಾಳೆ ಎಂಬ ಗುಮಾನಿ ಎದ್ದು ಜನ ಪ್ರತಿಭಟಿಸಿದರು. ಪೊಲೀಸರ ಮೇಲೆ ಒತ್ತಡ ಬಿತ್ತು. ಅವರು ಅವಳ ಮೊಬೈಲಿನ ಕರೆಗಳ ಪಟ್ಟಿ ತೆಗೆಸಿದರು. ಅದರಲ್ಲಿದ್ದ ನಂಬರು ಕಾಣೆಯಾದ ಇನ್ನೊಬ್ಬಳದು. ಅವಳ ಪಟ್ಟಿಯಲ್ಲಿ ಮತ್ತೊಬ್ಬಳು. ಹೀಗೆ ಸತ್ತವರ ಫೋನುಗಳು ಒಂದನ್ನೊಂದು ತೋರಿಸುತ್ತಾ ಅಕ್ಟೋಬರ್‌ನಲ್ಲಿ ಮೋಹನನವರೆಗೆ ಕರೆದೊಯ್ದವು. ‘ಸಿಗ್ನಲ್’ನ ಬ್ಯಾಟರಿಯಿಲ್ಲದ ವಾಕಿಟಾಕಿಗೆ ಇದಕ್ಕಿಂತ ಹತ್ತಿರದ ಸಂಗತಿ ನನಗೆ ತೋಚುವುದಿಲ್ಲ. ವ್ಯತ್ಯಾಸವೊಂದೇ: ಇಲ್ಲಿ ಯಾರೂ ಬದುಕಿ ಬರಲಿಲ್ಲ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯದ ಮೊದಲ ತೀರ್ಪುಗಳು ಬಂದವು. ಕೊನೆಯ, ಕಾಸರಗೋಡಿನ ಹುಡುಗಿಯ ಪ್ರಕರಣದ ತೀರ್ಪು ಬಂದಾಗ 2020ರ ಜೂನ್.

ಈ ಕತೆಯಿಂದ ಪ್ರೇರಣೆ ಪಡೆದ ‘ದಹಾಡ್’ ಎಂಬ ಹಿಂದಿ ಸರಣಿ 2023ರ ಮೇ ತಿಂಗಳಲ್ಲಿ ಬಂತು. ಅದು ಕತೆಯನ್ನು ರಾಜಸ್ಥಾನಕ್ಕೆ ಒಯ್ದಿತು. ದಲಿತ ಹೆಣ್ಣು ಪೊಲೀಸ್ ಅಧಿಕಾರಿಯೊಬ್ಬಳ ಕಣ್ಣಿನಿಂದ ನೋಡಿದ್ದರಿಂದ, ಮಗಳು ಕಾಣೆಯಾದರೂ ಮನೆಯವರು ಠಾಣೆಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆಯನ್ನು ಅದು ಬಿಡದೆ ಹಿಡಿಯಿತು. ಈ ಒಂದು ವಿಷಯದಲ್ಲಿ ಅದು ‘ಸಿಗ್ನಲ್’ಗಿಂತ ಮುಂದಿದೆ. ನಮ್ಮ ವಾಹಿನಿಗಳ ಅಪರಾಧ ಕಾರ್ಯಕ್ರಮಗಳಿಗೆ, ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ನಡೆಸಿಕೊಡುತ್ತಿದ್ದ ‘ಕ್ರೈಂ ಡೈರಿ’ಯ ದಿನಗಳಿಂದಲೂ ದೊಡ್ಡ ಪ್ರೇಕ್ಷಕ ವರ್ಗವಿದೆ. ಆದರೂ ಈ ಪ್ರಕರಣದಲ್ಲಿ ನಮ್ಮ ನಾಲಗೆಯ ಮೇಲೆ ಉಳಿದದ್ದು ‘ಸೈನೈಡ್ ಮೋಹನ’ ಎಂಬ ಅಡ್ಡಹೆಸರು ಮಾತ್ರ. ಹಂತಕನಿಗೆ ಎರಡು ಹೆಸರು, ಸತ್ತ ಇಪ್ಪತ್ತು ಮಂದಿಗೆ ಒಂದು ಸಂಖ್ಯೆ.

‘ಸಿಗ್ನಲ್’ನ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಅಲ್ಲಿ ಹಿಂದಿನದನ್ನು ತಿದ್ದಬಹುದು. ಸತ್ತವರು ಮರಳಿ ಬಂದಾಗ ಕಣ್ಣು ತುಂಬುತ್ತದೆ, ನಿಜ. ಆದರೆ ಆ ಆಸೆ ನಮ್ಮ ಗಮನವನ್ನು ಪವಾಡದ ಕಡೆ ತಿರುಗಿಸಿಬಿಡುತ್ತದೆ. ಹ್ವಾಸೊಂಗ್‌ನಲ್ಲಾಗಲಿ ಬಂಟ್ವಾಳದಲ್ಲಾಗಲಿ ಕೆಲಸಕ್ಕೆ ಬಂದದ್ದು ಸಣ್ಣ ಸಂಗತಿಗಳು: ಯಾರೋ ಬಿಸಾಡದೆ ಇಟ್ಟ ಬಟ್ಟೆ, ಯಾರೋ ತಾಳ್ಮೆಯಿಂದ ಓದಿದ ಫೋನ್ ನಂಬರುಗಳ ಪಟ್ಟಿ. ಇಷ್ಟು ದೂರುಗಳಿದ್ದರೂ ನಾನು ‘ಸಿಗ್ನಲ್’ ನೋಡಿ ಎಂದೇ ಹೇಳುತ್ತೇನೆ. ಹಳೆಯ ಪೆಟ್ಟಿಗೆಯನ್ನು ಇಷ್ಟು ಗೌರವದಿಂದ ತೆರೆಯುವ ಧಾರಾವಾಹಿಗಳು ಕಡಿಮೆ.

ಅಂಥದೊಂದನ್ನು ಯಾರಾದರೂ ಕನ್ನಡದಲ್ಲಿ ಮಾಡುವುದಾದರೆ, ನಾಯಕನನ್ನು ಬೆನ್ನಟ್ಟಿ ಓಡುವ ಅಧಿಕಾರಿಯನ್ನಾಗಿ ಮಾಡುವುದು ಬೇಡ. ಯಾವುದೋ ಠಾಣೆಯ ರೈಟರ್ ಇರಲಿ. ಮೈಸೂರಿನಿಂದ ಬಂದ ಯುಡಿಆರ್ ಪ್ರತಿಯೊಂದನ್ನು ಓದಿ, ಸೀರೆಯ ಬಣ್ಣದ ಸಾಲಿನ ಹತ್ತಿರ ನಿಂತು, ಕಪಾಟಿನಿಂದ ಕಾಣೆಯಾದವರ ಕಡತ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಒಬ್ಬ ಹೆಂಗಸು. 2003ರಲ್ಲೇ ಹಾಗೊಬ್ಬರು ನೋಡಿದ್ದರೆ ಯಾವ ವಾಕಿಟಾಕಿಯೂ ಬೇಕಿರಲಿಲ್ಲ.